ಹಿಡಿ ಮಣ್ಣಿಲ್ಲದ ಹಿತ್ತಲು

ನೆನೆದ ತೆಂಗಿನ ನಾರಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ಲಕ್ಷ್ಮೀಪುರಂನ ಆ ಮನೆಯ ಕೆಳಗಿನ ಹಜಾರದಲ್ಲಿ ಐದು ಜನ ಬಂದು ಕೂತುಬಿಡುತ್ತಾರೆ. ಆರಾಮಕುರ್ಚಿಯಲ್ಲಿ ಮನೆಯ ಮಾಲೀಕರು ಶೇಷಾದ್ರಯ್ಯನವರು. ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ಅವರ ಹೆಂಡತಿ ಕಮಲಮ್ಮನವರು. ಎದುರಿನ ಬೆಂಚಿನ ತುದಿಯಲ್ಲಿ, ಪೂರ್ತಿ ಕೂತರೆ ಎಲ್ಲಿ ಬೆಂಚು ಸವೆದುಹೋಗುತ್ತದೋ ಎಂಬಂತೆ ಅರ್ಧವೇ ಕೂತ ನನ್ನ ಗಂಡ ಸೋಮಣ್ಣ. ಅವರ ಪಕ್ಕ ನಾನು. ಚಾಪೆಯೂ ಬೇಡವೆಂದು ತಣ್ಣನೆಯ ಕೆಂಪು ನೆಲದ ಮೇಲೆ ಕಾಲು ಚಾಚಿ ಕೂತ ನಮ್ಮತ್ತೆ ದೇವೀರಮ್ಮ.

ಜೂನ್ ತಿಂಗಳು. ಹೊಸ ಶತಮಾನ ಶುರುವಾಗಿ ಎರಡೋ ಮೂರೋ ವರ್ಷವಾಗಿತ್ತು. ಹೊರಗೆ ಬರುತ್ತೇನೆ ಬರುತ್ತೇನೆ ಎಂದು ಹೆದರಿಸಿ ಹೋಗುವ ಮಳೆ. ಆ ಮನೆಯ ಮಾಳಿಗೆಯಲ್ಲಿ ನಾವು ಬಾಡಿಗೆಗಿದ್ದೆವು. ಹನ್ನೊಂದು ತಿಂಗಳಿಗೊಮ್ಮೆ ಕರಾರು ಪತ್ರ ಹೊಸದಾಗಿ ಆಗಬೇಕು. ಶೇಷಾದ್ರಯ್ಯನವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಅವರ ತಾತ ಅರಮನೆಯ ದಫ್ತರಿನಲ್ಲಿ ಬರೆಯುತ್ತಿದ್ದವರು. ಪತ್ರವನ್ನು ಇನ್ನೊಬ್ಬರ ಕೈಯಲ್ಲಿ ಬರೆಸಿದರೆ ವಂಶಕ್ಕೆ ಅವಮಾನ ಎಂದು ತಿಳಿದಿದ್ದರು. ತಾವೇ ಬರೆದು, ತಾವೇ ಗಂಟಲು ಸರಿಮಾಡಿಕೊಂಡು ಓದುವರು.

"'ಸದರಿ ಮನೆಯ ಮಾಳಿಗೆಗಾಗಲಿ ತಾರಸಿಗಾಗಲಿ ಬಾಡಿಗೆದಾರರು ಹೊರಗಿನಿಂದ ಒಂದು ಹಿಡಿ ಮಣ್ಣನ್ನೂ ತರತಕ್ಕದ್ದಲ್ಲ. ತಂದದ್ದು ಕಂಡುಬಂದಲ್ಲಿ ಅದೇ ತಿಂಗಳ ಕೊನೆಯೊಳಗೆ ಮನೆ ಖಾಲಿ ಮಾಡತಕ್ಕದ್ದು.' ಇದು ಏಳನೇ ಕಲಮು. ಅರ್ಥ ಆಯ್ತೇನಮ್ಮಾ ರತ್ನಮ್ಮ?"

ಅರ್ಥವಾಗದೆ ಏನು. ನಮಗಿಂತ ಮುಂಚೆ ಇದ್ದವರು ಗಾಡಿಗಟ್ಟಲೆ ಕೆರೆಗೋಡು ಮಣ್ಣು ತರಿಸಿ ತಾರಸಿಯ ಮೇಲೆ ತೋಟ ಮಾಡಲು ಹೋಗಿ, ಹಳೆಯ ಮದ್ರಾಸ್ ತಾರಸಿ ಸೋರಿ, ಒಂದು ತೊಲೆ ಕೊಳೆತಿತ್ತು. ಅಂದಿನಿಂದ ಮಣ್ಣು ಎಂದರೆ ಶೇಷಾದ್ರಯ್ಯನವರಿಗೆ ಹಾವು ಕಂಡಂತೆ.

ಅತ್ತೆ ಕೆಳಗಿನಿಂದಲೇ ಕೇಳಿದರು. "ಒಂದ್ ಕುಂಡನೂ ಇಡಂಗಿಲ್ವಾ ಸ್ವಾಮಿ?"

"ಕುಂಡದಲ್ಲಿ ಏನಿರುತ್ತೆ ದೇವೀರಮ್ಮ?"

"ಮಣ್ಣು."

"ಮತ್ತೆ? ಈಗ ತಾನೆ ಓದಿದ್ನಲ್ಲ!"

ಅತ್ತೆ ಕೆಸರೆಯಿಂದ ಬಂದು ಎಂಟು ದಿನವಾಗಿತ್ತಷ್ಟೇ. ಕೆಸರೆಯಲ್ಲಿ ನಮ್ಮ ಮಾವನವರ ಮನೆ, ಮನೆಯ ಹಿಂದೆ ಹಿತ್ತಲು. ಆ ಹಿತ್ತಲಿನಲ್ಲಿ ನಲವತ್ತು ವರ್ಷ ಅತ್ತೆ ಸೊಪ್ಪು ಬೆಳೆದಿದ್ದರು. ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿ. ಮಾವ ತೀರಿಕೊಂಡ ಮೇಲೆ ಆಸ್ತಿ ಪಾಲಾಗಿ, ಹಿತ್ತಲು ಅತ್ತೆಯ ಮೈದುನನಿಗೆ ಹೋಯಿತು. ಆತ ಸೊಪ್ಪಿನ ಪಾತಿಯ ಮೇಲೇ ಮನೆಗೆ ಪಾಯ ತೋಡಿಸಿದ. ತೋಡುವ ದಿನ ಅತ್ತೆ ಅಲ್ಲೇ ನಿಂತು ಪೂರ್ತಿ ನೋಡಿದರಂತೆ. ಮಾರನೇ ದಿನ ಟ್ರಂಕು ಹಿಡಿದು ನಮ್ಮಲ್ಲಿಗೆ ಬಂದರು.

ಕರಾರಿಗೆ ರುಜು ಹಾಕಿ ಮೆಟ್ಟಿಲು ಹತ್ತುವಾಗ, ನಡುವಿನ ಮೆಟ್ಟಿಲಲ್ಲಿ ನಿಂತು ಅತ್ತೆ ನನಗೆ ಹೇಳಿದರು.

"ನೋಡು ರತ್ನ, ಕೈಯಾರ ಒಂದ್ ಸೊಪ್ಪು ಕೀಳಕ್ಕಾಗ್ದಿರೋ ಮನೇಲಿ ನಾನಿರಾಕಿಲ್ಲ. ದೀಪಾವಳಿಗಂಟ ನೋಡ್ತೀನಿ. ಆಮೇಕೆ ನಂಜನಗೂಡಿಗೆ ಒಂಟೋಯ್ತೀನಿ."

ನಂಜನಗೂಡಿನಲ್ಲಿ ಅವರ ಮಗಳು, ನನ್ನ ನಾದಿನಿ. ಅವಳ ಮನೆಗೆ ದೊಡ್ಡ ಹಿತ್ತಲಿತ್ತು. ಅತ್ತೆ ಅಲ್ಲಿಗೆ ಹೋದರೆ ತಪ್ಪೇನೂ ಇರಲಿಲ್ಲ. ಆದರೆ ನನಗೆ ಬೇಡವಾಗಿತ್ತು. ನಮಗೆ ಮಕ್ಕಳಿಲ್ಲ. ಇವರದು ಹೆಬ್ಬಾಳದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಒಂದು ವಾರ ನಾನು ಎದ್ದಾಗ ಅವರು ಮಲಗಿರುವರು, ಇನ್ನೊಂದು ವಾರ ನಾನು ಮಲಗುವಾಗ ಅವರು ಬಸ್ಸಿನಲ್ಲಿರುವರು. ಇನ್ನು ನನಗೆ ಮಾತು ಕಲಿಸಿದವರೇ ಅತ್ತೆ. ತಾಯಿಯಿಲ್ಲದೆ ಬೆಳೆದ ನಾನು ಮದುವೆಯಾಗಿ ಬಂದಾಗ ಹೂಂ, ಉಹೂಂ ಬಿಟ್ಟರೆ ಬೇರೆ ಮಾತೇ ಆಡುತ್ತಿರಲಿಲ್ಲ. ಕೆಸರೆಯ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತ ಅವರು ಹೇಳುವುದು, ನಾನು ಕೇಳುವುದು; ಎರಡು ವರ್ಷವಾಗುವ ಹೊತ್ತಿಗೆ ನಾನು ಹೇಳುವುದು, ಅವರು ನಗುವುದು. ಅಂಥವರು ಆ ಮಾಳಿಗೆಯ ಮನೆ ಬಿಟ್ಟುಹೋದರೆ ಅಲ್ಲಿ ಬಾಯಿಬಿಟ್ಟು ಏನಾದರೂ ಹೇಳುವುದು ಕುಕ್ಕರ್ ಒಂದೇ.

ಅವತ್ತು ಬಟ್ಟೆ ಒಗೆಯುತ್ತ ನನ್ನಷ್ಟಕ್ಕೆ ನಾನೇ ಕಲ್ಲಿಗೆ ಹೇಳಿಕೊಂಡೆ. ಮಣ್ಣು ತರಬಾರದು ತಾನೇ? ತರುವುದಿಲ್ಲ. ಸೊಪ್ಪು ಬೆಳೆಯಬಾರದು ಎಂದು ಯಾವ ಕಲಮಿನಲ್ಲೂ ಇಲ್ಲ.

ನಾನು ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿದ್ದೆ. ಸೀಸೆ ತೊಳೆಯುವುದು, ಗಾಜಿನ ಪಟ್ಟಿ ಒರೆಸುವುದು, ಪ್ರಾಕ್ಟಿಕಲ್ಲಿಗೆ ಬೇಕಾದ ಎಲೆ, ಹೂವು ಹುಡುಕಿ ತಂದಿಡುವುದು ನನ್ನ ಕೆಲಸ. ಪ್ರತಿ ವರ್ಷ ಮಳೆಗಾಲದಲ್ಲಿ ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ ಇರುತ್ತಿತ್ತು. ಕಪ್ಪು ಕಾಗದ ಸುತ್ತಿದ ಆರೇಳು ಸೀಸೆ. ಒಳಗೆ ಬೇರೆ ಬೇರೆ ಲವಣ ಕರಗಿಸಿದ ನೀರು. ಬಿರಡೆಯ ತೂತಿನಲ್ಲಿ ಒಂದೊಂದು ಜೋಳದ ಸಸಿ. ಒಂದು ಸೀಸೆಯಲ್ಲಿ ಕಬ್ಬಿಣದ ಅಂಶ ಇಲ್ಲ, ಆ ಸಸಿಯ ಎಲೆ ಬಿಳಿಚಿಕೊಳ್ಳುತ್ತದೆ. ಇನ್ನೊಂದರಲ್ಲಿ ಸಾರಜನಕ ಇಲ್ಲ, ಅದು ಹಳದಿಯಾಗಿ ಕುಗ್ಗುತ್ತದೆ. ಎಲ್ಲವೂ ಇರುವ ಸೀಸೆ ಒಂದೇ ಒಂದು. ಅದರ ಸಸಿ ಮಾತ್ರ ದರ್ಬಾರು ಮಾಡುತ್ತ ನಿಲ್ಲುತ್ತದೆ. ಚಿತ್ರ ಬರೆದುಕೊಂಡು ಎಲ್ಲರೂ ಹೋದ ಮೇಲೆ ಅದನ್ನು ಚೆಲ್ಲಿ ಸೀಸೆ ತೊಳೆಯುವವಳು ನಾನು. ಹದಿನಾಲ್ಕು ವರ್ಷ ಚೆಲ್ಲಿದ್ದೆ. ಯಾವ ಲವಣ ಎಷ್ಟು ಎಂದು ಹದಿನಾಲ್ಕು ವರ್ಷ ನೋಡಿಯೂ ಇದ್ದೆ. ಕೊನೆಕೊನೆಗೆ ಹೇಳಿಸಿಕೊಳ್ಳದೆ ನಾನೇ ಕೂಡಿಸಿ ಇಡುತ್ತಿದ್ದೆ.

ನಮ್ಮ ವಿಭಾಗದ ಮೇಡಂ ಒಳ್ಳೆಯವರು. ಕೇಳಿದಾಗ ನಕ್ಕರು. "ರತ್ನಾ, ಅದು ಪ್ರಯೋಗ ಕಣಮ್ಮ. ತೋರಿಸೋಕೆ ಮಾಡೋದು. ಊಟಕ್ಕಲ್ಲ."

"ಆ ವಿಷಯ ಬೇರಿಗೆ ಗೊತ್ತಾ ಮೇಡಂ?" ಅಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಒಂದು ಚೀಟಿಯಲ್ಲಿ ಲವಣಗಳ ಹೆಸರು, ಗೊಬ್ಬರದ ಅಂಗಡಿಯಲ್ಲಿ ಅವು ಯಾವ ಹೆಸರಿನಲ್ಲಿ ಸಿಗುತ್ತವೆ ಎಂದು ಬರೆದುಕೊಟ್ಟರು. ಲ್ಯಾಬಿನಿಂದ ಒಂದು ಚಿಟಿಕೆಯನ್ನೂ ನಾನು ಮನೆಗೆ ತರಲಿಲ್ಲ. ಇದನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಆಗ ಹಾಗೆ ಆಡಿಕೊಂಡವರಿದ್ದರು.

ಮನೆಯಲ್ಲಿ ಹೇಳಿದಾಗ ಇವರು ಊಟದ ತಟ್ಟೆಯಿಂದ ತಲೆ ಎತ್ತಿದರು. "ಮಣ್ಣಿಲ್ದೆ ಏನ್ ಮಣ್ಣು ಬೆಳೀತೀಯೇ?"

ತಮ್ಮ ಮಾತಿಗೆ ತಾವೇ ಮೆಚ್ಚಿ ಎಷ್ಟು ಹೊತ್ತು ನಕ್ಕರೆಂದರೆ ಅನ್ನ ನೆತ್ತಿಗೇರಿ ನಾನೇ ತಟ್ಟಬೇಕಾಯಿತು. ತಟ್ಟಿದೆ, ಸ್ವಲ್ಪ ಜೋರಾಗಿಯೇ. ಆದರೆ ಅವರು ಫಿಟ್ಟರ್. ಒಂದು ಪೈಪು, ಒಂದು ಪಂಪು ಎಂದರೆ ಕೈ ಸುಮ್ಮನಿರದು. ಆ ಭಾನುವಾರವೇ ನಾಲ್ಕಿಂಚಿನ ಪೈಪು ಐದು, ಕೂಲರಿಗೆ ಹಾಕುವ ಪುಟ್ಟ ಪಂಪು ಒಂದು, ಗುಜರಿಯಿಂದ ಕಬ್ಬಿಣದ ಒಂದು ರ‍್ಯಾಕು ಬಂದವು.

ಜಾಗ ಎಲ್ಲಿ? ತಾರಸಿಗೆ ಹೋಗುವಂತಿಲ್ಲ. ಅಡುಗೆಮನೆಗೂ ಮಲಗುವ ಕೋಣೆಗೂ ನಡುವೆ ಕಿಟಕಿಯೇ ಇಲ್ಲದ ಒಂದು ಕೋಣೆ ಇತ್ತು. ಹಾಸಿಗೆ, ಹಳೆಯ ಸ್ಟವ್ ಎಲ್ಲ ತುರುಕುತ್ತಿದ್ದೆವು. ಅದನ್ನು ಖಾಲಿ ಮಾಡಿದೆವು. ಗೋಡೆಗೆ ರ‍್ಯಾಕು ನಿಲ್ಲಿಸಿ, ಒಂದರ ಕೆಳಗೊಂದು ಐದು ಪೈಪು, ಒಂದು ಎಡಕ್ಕೆ ವಾಲಿದರೆ ಅದರ ಕೆಳಗಿನದು ಬಲಕ್ಕೆ. ಬುಡದಲ್ಲಿ ನೀರಿನ ಡ್ರಮ್ಮು. ಪಂಪು ನೀರನ್ನು ಮೇಲಿನ ಪೈಪಿಗೆ ಎತ್ತುತ್ತದೆ. ಅದು ಅಲ್ಲಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ, ಹೀಗೆ ಇಳಿದಿಳಿದು ಮತ್ತೆ ಡ್ರಮ್ಮಿಗೆ. ಪ್ರತಿ ಪೈಪಿನ ತುದಿಯಲ್ಲಿ ಒಂದಿಷ್ಟು ನೀರು ಯಾವಾಗಲೂ ನಿಂತಿರುವಂತೆ ಇವರು ಜೋಡಿಸಿದರು. ಮೇಲೆ ಟ್ಯೂಬ್‌ಲೈಟು, ಏಕೆಂದರೆ ಆ ಕೋಣೆಗೆ ಸೂರ್ಯ ಯಾವತ್ತೂ ಬಂದವನಲ್ಲ.

ಪೈಪಿಗೆ ತೂತು ಹೊಡೆಯುವ ಸಾಮಾನು ನಮ್ಮಲ್ಲಿರಲಿಲ್ಲ. ಹಿತ್ತಾಳೆಯ ಲೋಟವನ್ನು ಗ್ಯಾಸಿನ ಮೇಲೆ ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಬಾಯಿ ಕೆಳಗೆ ಮಾಡಿ ಒತ್ತಿದರೆ ಪೈಪು ಬೆಣ್ಣೆಯ ಹಾಗೆ ಕರಗಿ ದುಂಡನೆಯ ತೂತು. ಮನೆ ತುಂಬ ಸುಟ್ಟ ಪ್ಲಾಸ್ಟಿಕ್ಕಿನ ನಾತ.

"ಅಯ್ಯೋ ಪಾಪಿಗಳಾ, ಅದು ನಾನ್ ಕಾಪಿ ಕುಡಿಯೋ ಲೋಟ ಕಣ್ರೋ!" ಎಂದು ಅತ್ತೆ ಬಾಗಿಲಲ್ಲಿ ನಿಂತು ಕೂಗಿದರು.

ತೂತಿನಲ್ಲಿ ಕೂರಿಸಲು ಮದುವೆ ಛತ್ರದಲ್ಲಿ ಎಸೆದ ಐಸ್‌ಕ್ರೀಮ್ ಕಪ್ಪುಗಳನ್ನು ಆರಿಸಿ ತಂದು ತೊಳೆದು, ತಳಕ್ಕೆ ಕಂಡಿ ಮಾಡಿ, ನೆನೆಸಿದ ತೆಂಗಿನ ನಾರು ತುಂಬಿದೆ. ನಾರಿನೊಳಗೆ ಬೀಜ.

ಪೈಪುಗಳು ಮೆಟ್ಟಿಲು ಹತ್ತಿದ ದಿನದಿಂದಲೇ ಶೇಷಾದ್ರಯ್ಯನವರ ಕಿವಿ ನಿಮಿರಿತ್ತು. ನಾಲ್ಕನೇ ದಿನ ಮೇಲೆ ಬಂದರು.

"ಏನಮ್ಮಾ ಇದು, ಪ್ಲಂಬಿಂಗಾ?"

"ಸೊಪ್ಪು ಸಾರ್."

"ಮಣ್ಣು?"

"ಹಿಡಿ ಮಣ್ಣೂ ಇಲ್ಲ. ನೋಡ್ಕೊಳ್ಳಿ."

ಅವರು ಕನ್ನಡಕ ಏರಿಸಿ ಐದೂ ಪೈಪು ನೋಡಿದರು. ರ‍್ಯಾಕಿನ ಮೇಲೆ ತೋರುಬೆರಳು ಎಳೆದು ಆ ಬೆರಳನ್ನು ಬೆಳಕಿಗೆ ಹಿಡಿದರು. ಬೆರಳು ಶುಭ್ರವಾಗಿತ್ತು. ಬೇಸರದಿಂದ ಇಳಿದು ಹೋದರು. ಅಂದಿನಿಂದ ಪ್ರತಿ ಶುಕ್ರವಾರ ಅವರ ತಪಾಸಣೆ. ಬರುವರು, ಬೆರಳು ಎಳೆಯುವರು, ನೋಡುವರು, ಹೋಗುವರು. ನಾನೂ ಗುರುವಾರ ಸಂಜೆಯೇ ರ‍್ಯಾಕು ಒರೆಸಿಡುತ್ತಿದ್ದೆ. ನೋಡಲಿ. ಜನ್ಮವಿಡೀ ನೋಡಲಿ.

ಮೊದಲ ಸಲ ಸೋತೆ. ಅವಸರಕ್ಕೆ ಎಲ್ಲ ಲವಣವನ್ನೂ ಒಂದೇ ಚೊಂಬಿನಲ್ಲಿ ಕರಗಿಸಿದೆ. ಹಾಲು ಒಡೆದ ಹಾಗೆ ಬೆಳ್ಳಗೆ ಗಸಿ ಕಟ್ಟಿತು. ಸುಣ್ಣದ ಅಂಶ ಇರುವುದನ್ನು ಬೇರೆ ಕರಗಿಸಿ, ತುಂಬು ನೀರಿಗೆ ಕೊನೆಯಲ್ಲಿ ಸೇರಿಸಬೇಕೆಂದು ನನಗೆ ಗೊತ್ತೇ ಇತ್ತು, ಲ್ಯಾಬಿನಲ್ಲಿ ಹಾಗೇ ಮಾಡುತ್ತಿದ್ದೆ. ಮನೆಯಲ್ಲಿ ಮಾಡುವಾಗ ಅಡುಗೆಯ ಕೈ ಬಂದುಬಿಟ್ಟಿತ್ತು. ಎರಡನೇ ಸಲ ಮೆಂತ್ಯ ಎದ್ದಿತು. ಎದ್ದದ್ದೇನೋ ಎದ್ದಿತು, ಬಿಳಿಯ ದಾರದ ಹಾಗೆ ಉದ್ದುದ್ದ, ತುದಿಯಲ್ಲಿ ಎರಡೆರಡು ಪುಟ್ಟ ಎಲೆ.

ಅತ್ತೆ ಬಂದು ಬಗ್ಗಿ ನೋಡಿದರು. "ಇದು ಸೊಪ್ಪಲ್ಲ ಕಣಮ್ಮಿ. ಸೊಪ್ಪಿನ ನೆಳ್ಳು."

ಕೀಳಲಿಲ್ಲ.

ಇವರು ಟ್ಯೂಬ್‌ಲೈಟುಗಳನ್ನು ಒಂದು ಗೇಣು ಕೆಳಗಿಳಿಸಿದರು. ಶ್ರಾವಣದಲ್ಲಿ ಮತ್ತೆ ಬಿತ್ತಿದೆ. ಈ ಸಲ ಗಿಡ ಕುಳ್ಳಗೆ, ದಪ್ಪಗೆ, ಕಡುಹಸಿರಾಗಿ ಬಂತು. ಐದೂ ಪೈಪಿಗೆ ಒಂದೇ ದಿನ ಬೀಜ ಹಾಕಿದ್ದೆ. ಅತ್ತೆಗೆ ಅದು ಸರಿಬರಲಿಲ್ಲ.

"ಒಂದೇ ಕಿತ ಬಿತ್ತುದ್ರೆ ಒಂದೇ ಕಿತ ಮುಗ್ದೋಯ್ತದೆ. ಆಮೇಕೆ ಏನು, ಪೈಪು ಉಣ್ತೀಯಾ? ವಾರಕ್ಕೊಂದು ಪಾತಿ ಬಿತ್ತಬೇಕು. ಒಂದು ಕೀಳೋ ಒತ್ಗೆ ಇನ್ನೊಂದು ಏಳಬೇಕು. ಇತ್ತಲಲ್ಲಿ ನಲ್ವತ್ತು ವರ್ಸ ನನ್ ಪಾತಿ ಬರಿದಾಗಿದ್ದಿಲ್ಲ."

ಅವರು ಹೇಳಿದಂತೆ ಮೆಂತ್ಯ, ದಂಟು ಎಂದು ವಾರಕ್ಕೊಂದು ಪೈಪು ಬಿತ್ತಿದೆ. ಐದು ಪೈಪು, ಐದು ವಯಸ್ಸು. ಮೇಲಿನದು ಮೊಳಕೆ, ಕೆಳಗಿನದು ಕಟಾವಿಗೆ. ಕರೆಂಟು ಹೋದಾಗ ಅತ್ತೆಯೇ ಸ್ಟೂಲು ಹತ್ತಿ ಮೇಲಿನ ಪೈಪಿಗೆ ಚೊಂಬಿನಿಂದ ನೀರು ಹೊಯ್ಯುವರು. ಗಿಡಗಳಿಗೆ ಬಯ್ಯುತ್ತ, ಮುದ್ದು ಮಾಡುತ್ತ ಅಲ್ಲೇ ಕೂರುವರು. ನಾನು ಗೆದ್ದೆ ಅಂದುಕೊಂಡೆ. ಆದರೆ ಕೀಳುವ ಹೊತ್ತು ಬಂದರೆ, "ನೀನೇ ಕೀಳು" ಎಂದು ಎದ್ದು ಹೋಗುವರು. ಸಾರು ಮಾಡಿದರೆ ತಮಗೆ ಮಜ್ಜಿಗೆ ಸಾಕು ಅನ್ನುವರು.

ಒಂದು ದಿನ ನೇರವಾಗಿ ಕೇಳಿದೆ. "ಯಾಕತ್ತೆ? ಚೆನ್ನಾಗಿಲ್ವಾ?"

"ಚೆನ್ನಾಗದೆ. ಅದುಕ್ಕೇ ಸಂಕ್ಟ." ಸೆರಗಿನಿಂದ ಕೈ ಒರೆಸಿಕೊಂಡರು. "ಲಿಂಗಕ್ಕೆ ತೋರ್ದೆ ನಾನೇನೂ ಉಣ್ಣಾಕಿಲ್ಲ, ನಿಂಗೊತ್ತು. ಮಣ್ಣೇ ಸೋಕ್ದಿದ್ದನ್ನ ಲಿಂಗಕ್ಕೆ ಎಂಗೆ ತೋರ್ಲಿ? ಇದ್ರ ತಾಯಿ ಯಾರು ಅಂತ ಕೇಳುದ್ರೆ ಏನೇಳ್ಲಿ?"

ಮೇಡಂ ಕೊಟ್ಟ ಚೀಟಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಹೀಗೆ ಗೌರಿ ಹಬ್ಬ ಕಳೆದು ನವರಾತ್ರಿ ಬಂತು. ವಿಜಯದಶಮಿಯ ಮಧ್ಯಾಹ್ನ ಊರಿಗೆ ಊರೇ ಆನೆ ನೋಡಲು ಹೊರಟಿತ್ತು. ಇವರಿಗೂ ರಜೆ. ಮೂವರೂ ಬಾಗಿಲಿಗೆ ಬೀಗ ಹಾಕಿ ಹೋದೆವು. ಮನೆಯಲ್ಲಿ ಉಳಿದವರು ಕೆಳಗೆ ಶೇಷಾದ್ರಯ್ಯ ದಂಪತಿಗಳು ಮಾತ್ರ. ಅವರಿಗೆ ಜನಜಂಗುಳಿ ಆಗದು. ಜನರ ನಡುವೆ ಬೆವರಿ, ಕಡ್ಲೆಪುರಿ ತಿಂದು, ಇನ್ನೂ ಬೆಳಕಿರುವಾಗಲೇ ವಾಪಸ್ಸಾದರೆ, ಗೇಟಿನಲ್ಲಿ ಶೇಷಾದ್ರಯ್ಯನವರು ನಿಂತಿದ್ದಾರೆ. ಒಂದು ಕೈಯಲ್ಲಿ ನೆನೆದು ಜೋತುಬಿದ್ದ ದಿನಪತ್ರಿಕೆ, ಇನ್ನೊಂದರಲ್ಲಿ ಕರಾರು ಪತ್ರ. ಬೆಳ್ಳನೆಯ ಪಂಚೆಯ ಮೇಲೆ ಕಂದು ಬಣ್ಣದ ಹನಿಗಳು.

"ಇದೇನಮ್ಮಾ ರತ್ನಮ್ಮ?"

"ನೀರು... ಸೋರಿದೆಯಾ ಸಾರ್?"

"ನೀರಿಗೆ ಬಣ್ಣ ಇರುತ್ತಾ?" ಪಂಚೆಯ ಹನಿಯನ್ನು ಎರಡು ಬೆರಳಲ್ಲಿ ತಿಕ್ಕಿ ಮೂಸಿದರು. "ಮಣ್ಣು! ಕೋರ್ಟಲ್ಲಿ ಕೂದಲು ಬೆಳ್ಳಗೆ ಮಾಡ್ಕೊಂಡವನು ನಾನು. ಸಾಕ್ಷಿ ನನ್ನ ಮೈಮೇಲೇ ಬಿದ್ದಿದೆ."

"ಹಿಡಿ ಮಣ್ಣೂ ಇಲ್ಲ. ಇದ್ರೆ ಈಗಲೇ ಖಾಲಿ ಮಾಡ್ತೀವಿ. ಬನ್ನಿ ಮೇಲೆ!" ಅಂದೆ. ಅಷ್ಟು ಧೈರ್ಯವಾಗಿ ನಾನು ಆವರೆಗೆ ಯಾರ ಜೊತೆಗೂ ಮಾತಾಡಿರಲಿಲ್ಲ.

ಮೇಲೆ ಹೋದರೆ ನಡುಕೋಣೆಯ ತುಂಬ ಪಾದ ಮುಳುಗುವಷ್ಟು ನೀರು. ಮೇಲಿನ ಪೈಪು ಕಟ್ಟಿಕೊಂಡು, ಪಂಪು ಎತ್ತಿದ ನೀರೆಲ್ಲ ಅಲ್ಲಿಂದಲೇ ಹೊರಕ್ಕೆ ಸುರಿದಿತ್ತು. ಡ್ರಮ್ಮು ಬರಿದಾಗಿ ಪಂಪು ಸುಟ್ಟ ವಾಸನೆ. ಶೇಷಾದ್ರಯ್ಯನವರಿಗೆ ತೋರಿಸಲೆಂದೇ ಒಂದು ಕಪ್ಪು ಕಿತ್ತು ಕೈಯಲ್ಲಿ ಹಿಡಿದೆ. ಸರಿದ ನಾರಿನ ಅಡಿಯಲ್ಲಿ, ಗಿಡದ ಬುಡದ ಸುತ್ತ, ಒದ್ದೆಯಾದ ಕಪ್ಪು ಮಣ್ಣು. ಇನ್ನೊಂದು ಕಿತ್ತೆ. ಅದರಲ್ಲೂ. ಮೂರನೆಯದನ್ನು ಮುಟ್ಟಲು ಕೈ ಬರಲಿಲ್ಲ.

"ನಾನೇ ಆಕ್ದೆ," ಅಂದರು ಅತ್ತೆ.

ದಿನಾ ಬೆಳಿಗ್ಗೆ ಲಿಂಗಪೂಜೆಗೆ ಹೂ ಬಿಡಿಸಲು ಅವರು ಕೆಳಗಿನ ಅಂಗಳಕ್ಕೆ ಹೋಗುತ್ತಿದ್ದರು. ಕಮಲಮ್ಮನವರೇ ಹೇಳಿದ್ದರು, ಬೇಕಾದಷ್ಟು ಬಿಡಿಸಿಕೊಳ್ಳಿ ಎಂದು. ಗೌರಿ ಹಬ್ಬದಿಂದೀಚೆಗೆ ಹೂಬುಟ್ಟಿಯ ತಳದಲ್ಲಿ ಒಂದು ಹಿಡಿ ಮಣ್ಣು, ಮೇಲೆ ಕಣಗಿಲೆ ಹೂ. ನಾನು ಕಾಲೇಜಿಗೆ ಹೋದ ಮೇಲೆ ಒಂದೊಂದು ಗಿಡಕ್ಕೂ ಚಿಟಿಕೆ ಚಿಟಿಕೆ ಹಾಕಿ, ನನಗೆ ಕಾಣದಂತೆ ಮೇಲೆ ನಾರು ಮುಚ್ಚುತ್ತಿದ್ದರು. ತಾಯಿಯಿಲ್ಲದ್ದಕ್ಕೆ ತಾಯಿ ಕೊಟ್ಟಿದ್ದರು.

ಶೇಷಾದ್ರಯ್ಯನವರ ಮುಖ ಅರಳಿತು. "ಆಯ್ತಲ್ಲ. ತಿಂಗಳ ಕೊನೆಗೆ ಖಾಲಿ. ಏಳನೇ ಕಲಮು."

"ಅದುನ್ನ ಇನ್ನೊಂದ್ ಕಿತ ಓದಿ ಸ್ವಾಮಿ," ಅಂದರು ಅತ್ತೆ.

"ಓದೋದೇನು, ನನಗೆ ಬಾಯಿಪಾಠ!"

"ನಂಗೂ ಬಾಯಿಪಾಟ. ಆದ್ರೂ ಓದಿ."

ಅವರು ಕನ್ನಡಕ ಹಾಕಿಕೊಂಡು ನೀರಿನಲ್ಲೇ ನಿಂತು ಶುರುಮಾಡಿದರು. "'ಸದರಿ ಮನೆಯ ಮಾಳಿಗೆಗಾಗಲಿ ತಾರಸಿಗಾಗಲಿ ಬಾಡಿಗೆದಾರರು ಹೊರಗಿನಿಂದ...'"

"ಅಲ್ಲೇ ನಿಲ್ಸಿ. ಒರಗಿಂದ ಎಲ್ ತಂದೆ ನಾನು? ನಿಮ್ ಗೇಟಿನ ಒಳಗ್ಲದು. ನಿಮ್ ಕಣಗಿಲೆ ಬುಡದ್ದು. ನಿಮ್ ಮಣ್ಣೇ ಕಣಿ ಸ್ವಾಮಿ ಅದು. ಒಳಗಿಂದ ಒಳಕ್ಕೆ ತಂದೆ."

ಶೇಷಾದ್ರಯ್ಯನವರು ಆ ಸಾಲನ್ನು ಮನಸ್ಸಿನಲ್ಲೇ ಮತ್ತೆ ಓದಿದರು. ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಅಷ್ಟರಲ್ಲಿ ಮೆಟ್ಟಿಲ ಬುಡದಿಂದ ಕಮಲಮ್ಮನವರ ದನಿ ಬಂತು.

"ಬರೆದೋರು ಯಾರೂಂದ್ರೆ? ನಿಮ್ಮ ಕೈಯೇ ಅಲ್ವೇ?"

"ನೀನು ಸುಮ್ಮನಿರು!" ಎಂದು ಕೂಗಿ, ಅವರು ಕನ್ನಡಕ ತೆಗೆದರು. ಹಲ್ಲುನೋವು ಬಂದವರ ಹಾಗೆ, "ಕರಾರಿನಲ್ಲಿ ಲೋಪ ಇದೆ," ಅಂದರು. "ಆದ್ರೆ ನನ್ನ ಹಜಾರ ಸೋರಿದ್ದಕ್ಕೆ ಏನ್ ಹೇಳ್ತೀರಿ?"

ಅದಕ್ಕೆ ಉತ್ತರ ಕೊಡಬೇಕಾದವಳು ನಾನು. "ಅದು ನಮ್ಮ ತಪ್ಪು ಸಾರ್. ಸುಣ್ಣ ನಾನೇ ಹೊಡೆದುಕೊಡ್ತೀನಿ. ಇನ್ನು ಮೇಲೆ ಒಂದು ಹನಿ ಬಿದ್ರೂ ಕೇಳಿ. ಆದ್ರೆ ಪೈಪು ತೆಗೆಯಲ್ಲ."

ಅವರು ನನ್ನನ್ನು ನೋಡಿ, ಅತ್ತೆಯನ್ನು ನೋಡಿ, ಪಂಚೆ ಎತ್ತಿ ಹಿಡಿದು ಇಳಿದು ಹೋದರು.

ಗೆದ್ದೆವೆಂದು ಇವರು ನಗಲು ಹೊರಟರು. ನನಗೆ ನಗು ಬರಲಿಲ್ಲ. ಮೂರು ತಿಂಗಳ ಕೆಲಸ ಕೆಸರಾಗಿ ನಿಂತಿತ್ತು. ಹಾಗಾಗಿ, ಅನ್ನಬಾರದ್ದನ್ನು ಅಂದೆ. "ಒಂದು ಮಾತು ಕೇಳಬಾರದಾಗಿತ್ತಾ ಅತ್ತೆ? ನಾನೇನು ನಿಮಗೆ ಹೊರಗಿನವಳಾ?"

ಅತ್ತೆ ಒಳಗೆ ಹೋದರು. ಟ್ರಂಕಿನ ಚಿಲಕ ತೆಗೆದ ಸದ್ದು ಕೇಳಿಸಿತು.

"ಅವ್ವಾ, ಏನ್ ಮಾಡ್ತಿದ್ದೀಯ?" ಎಂದು ಇವರು ಬಾಗಿಲಿಗೆ ಓಡಿದರು.

"ಒಂಟೋಯ್ತೀನಿ ಬುಡ್ಲಾ. ಮಾಡಿದ್ದೆಲ್ಲಾ ಆಳ್ಮಾಡ್ಬುಟ್ಟೆ. ಇನ್ ಯಾವ್ ಮೊಕ ಇಟ್ಕಂಡಿರ್ಲಿ."

ನಾನು ಹೋಗಿ ಟ್ರಂಕಿನ ಮುಚ್ಚಳದ ಮೇಲೆ ಕೂತೆ. "ದೀಪಾವಳಿಗಂಟ ನೋಡ್ತೀನಿ ಅಂದಿದ್ರಿ. ಅಂದಿದ್ರೋ ಇಲ್ವೋ?"

"ಅಂದಿದ್ದೆ."

"ದೀಪಾವಳಿ ಬಂತಾ?"

ಅತ್ತೆ ಬೆರಳು ಮಡಚಿದರು. ಇವತ್ತು ದಶಮಿ. ನರಕ ಚತುರ್ದಶಿಗೆ ಹತ್ತೊಂಬತ್ತು ದಿನ.

"ಮೆಂತ್ಯ ಹದಿನೆಂಟು ದಿನಕ್ಕೆ ಬರುತ್ತೆ," ಅಂದೆ. "ಶೇಷಾದ್ರಯ್ಯನವರನ್ನ ಅವರ ಮಾತಲ್ಲೇ ಕಟ್ಟಿಹಾಕಿದ್ರಲ್ಲ. ನಿಮ್ಮ ಮಾತಿಗೆ ನೀವು ನಿಲ್ಲಿ. ಹತ್ತೊಂಬತ್ತನೇ ದಿನ ನಿಮ್ಮ ಕೈಗೆ ಸೊಪ್ಪು ಬರದಿದ್ರೆ ನಾನೇ ಬಸ್ಸು ಹತ್ತಿಸ್ತೀನಿ."

ಅತ್ತೆ ನನ್ನನ್ನೇ ದಿಟ್ಟಿಸಿದರು. "ಎಲ್ ಕಲ್ತೆ ಇಂಗೆ ಮಾತಾಡಾದ?" ಅಂದರು. ಎಲ್ಲಿ ಕಲಿತೆನೆಂದು ಅವರಿಗೂ ಗೊತ್ತಿತ್ತು.

ಮಾರನೇ ದಿನ ಬಚ್ಚಲಿನಲ್ಲಿ ಕೂತು ಒಂದೊಂದೇ ಕಪ್ಪು ತೊಳೆದೆವು. ಮೇಲಿನ ನಾಲ್ಕು ಪೈಪಿನ ಗಿಡಗಳ ಬೇರು ಕೊಳೆತು ಲೋಳೆಯಾಗಿತ್ತು, ಎಸೆದೆವು. ಕೆಳಗಿನ ಪೈಪಿನಲ್ಲಿ ಮಾತ್ರ ದಂಟಿನ ಕೆಲವು ಗಿಡ ಉಳಿದಿದ್ದವು. ಅತ್ತೆ ಅದರಲ್ಲೊಂದನ್ನು ನೀರಿನಲ್ಲಿ ಜಾಲಿಸಿ ಎತ್ತಿ ಹಿಡಿದರು. ಮಣ್ಣೆಲ್ಲ ಬಿಟ್ಟು ಬೇರು ಇಳಿಬಿತ್ತು. ಮೊಣಕೈಯುದ್ದ, ಬೆಳ್ಳಗೆ, ಒಂದು ಎಳೆ ಇನ್ನೊಂದಕ್ಕೆ ಸಿಕ್ಕಾಗದೆ. ನಲವತ್ತು ವರ್ಷ ಸೊಪ್ಪು ಕಿತ್ತವರು ಅಂಥ ಬೇರು ನೋಡಿರಲಿಲ್ಲ. ಮಣ್ಣಿನಿಂದ ಕಿತ್ತರೆ ಬೇರು ಹರಿದೇ ಬರುತ್ತದೆ. ಅವರು ಬಹಳ ಹೊತ್ತು ಅದನ್ನು ಅಂಗೈ ಮೇಲೆ ಹರಡಿ ನೋಡುತ್ತಿದ್ದರು. ನಲ್ಲಿ ಸುಮ್ಮನೆ ಸುರಿಯುತ್ತಿತ್ತು.

"ರತ್ನ," ಅಂದರು.

"ಏನತ್ತೆ?"

"ಸಿವನ್ ತಲೆ ಮೇಲೆ ಇರಾದು ಯಾರು?"

"ಗಂಗೆ."

"ಊಂ. ಮಣ್ಣು ಕಾಲ್ ಕೆಳಗದೆ. ನೀರು ನೆತ್ತಿ ಮೇಲದೆ. ನಾನೊಬ್ಬಳು ದಡ್ಡಿ." ಬೇರನ್ನು ಹಗುರವಾಗಿ ಕಪ್ಪಿನೊಳಗೆ ಇಳಿಸಿದರು. "ಬೀಜ ನೆನೆ ಆಕಿದ್ದೀಯೋ ಇಲ್ವೋ?"

ಹಾಕಿದ್ದೆ. ಹಿಂದಿನ ದಿನವೇ, ಟ್ರಂಕಿನ ಮೇಲಿಂದ ಎದ್ದ ತಕ್ಷಣ.

ಹೊಸ ಪಂಪು ಬಂತು. ಮೇಲಿನ ಪೈಪು ಕಟ್ಟಿಕೊಂಡರೂ ನೀರು ಚೆಲ್ಲದೆ ಇನ್ನೊಂದು ದಾರಿಯಲ್ಲಿ ಡ್ರಮ್ಮಿಗೇ ಇಳಿಯುವಂತೆ ಇವರು ಒಂದು ಕೊಳವೆ ಸೇರಿಸಿದರು. ಭಾನುವಾರ ನಾನು ಶೇಷಾದ್ರಯ್ಯನವರ ಹಜಾರದಲ್ಲಿ ಮೇಜು ಹತ್ತಿ ಸೂರಿಗೆ ಸುಣ್ಣ ಹೊಡೆದೆ. ಅವರು ಆರಾಮಕುರ್ಚಿಯನ್ನು ಬಾಗಿಲ ಹೊರಗೆ ಹಾಕಿಸಿಕೊಂಡು ಕೂತು, "ಆ ಮೂಲೆ ಬಿಟ್ಟೋಯ್ತು ರತ್ನಮ್ಮ, ಅಲ್ಲಿ, ಇನ್ನೂ ಎಡಕ್ಕೆ," ಎಂದು ಉಸ್ತುವಾರಿ ನಡೆಸಿದರು. ನಾನು ಆ ಮೂಲೆಗೆ ಎರಡು ಸಲ ಹೊಡೆದೆ. ಮೂರನೆಯ ಸಲಕ್ಕೆ ಅವರೇ ಸಾಕು ಅಂದರು.

ಮೆಂತ್ಯ ನಾಲ್ಕನೇ ದಿನ ತಲೆ ಎತ್ತಿತು. ಹತ್ತನೇ ದಿನ ಒಂದಿಡೀ ಮಧ್ಯಾಹ್ನ ಕರೆಂಟು ಇರಲಿಲ್ಲ; ನಾನು ಬಂದಾಗ ಅತ್ತೆ ಸ್ಟೂಲಿನ ಮೇಲೇ ಕೂತಿದ್ದರು, ಚೊಂಬು ಕೈಯಲ್ಲೇ ಇತ್ತು. ಹದಿನೈದನೇ ದಿನ ಎಲೆ ಮೂರು ಮೂರಾಗಿ ಒಡೆದು ಪೈಪು ಕಾಣದಂತೆ ಮುಚ್ಚಿತು.

ಚತುರ್ದಶಿಯ ಬೆಳಿಗ್ಗೆ ಎಣ್ಣೆನೀರು ಆಯಿತು. ಬೀದಿಯಲ್ಲಿ ಪಟಾಕಿ. ಅತ್ತೆ ಹಸಿ ಕೂದಲಿಗೆ ಗಂಟು ಹಾಕಿಕೊಂಡು, ಹಣೆಗೆ ವಿಭೂತಿ ಇಟ್ಟು, ನಡುಕೋಣೆಗೆ ಬಂದರು. ನಾನೂ ಇವರೂ ಬಾಗಿಲಲ್ಲಿ ನಿಂತಿದ್ದೆವು. ಅವರು ಪೈಪಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳ ಉಗುರಿನಿಂದ ಮೊದಲ ಗಿಡದ ದಂಟನ್ನು ಚಿವುಟಿದರು. ಆಮೇಲೆ ಎರಡನೆಯದು. ಆಮೇಲೆ ಕೈ ತನ್ನಷ್ಟಕ್ಕೆ ಓಡತೊಡಗಿತು, ಕೆಸರೆಯಲ್ಲಿ ಓಡುತ್ತಿದ್ದ ಹಾಗೆ. ಮಡಿಲು ತುಂಬಿದ ಮೇಲೆ ತಿರುಗಿ ನೋಡಿ, "ಏನ್ ನಾಟ್ಕ ನೋಡ್ತಾ ನಿಂತಿದ್ದೀರಾ? ಬ್ಯಾಳೆ ಇಡೋಗಿ," ಅಂದರು.

ಅವತ್ತು ಲಿಂಗಕ್ಕೆ ತೋರಿಸಿ ಅತ್ತೆ ಎರಡು ಸಲ ಸಾರು ಬಡಿಸಿಕೊಂಡರು.

ಮಾರನೇ ಬೇಸಿಗೆಯಲ್ಲಿ ನಾದಿನಿ ತಾನೇ ಬಂದು, ಒಂದು ತಿಂಗಳು ತಮ್ಮ ಮನೆಯಲ್ಲಿರಲಿ ಎಂದು ಅತ್ತೆಯನ್ನು ನಂಜನಗೂಡಿಗೆ ಕರೆದುಕೊಂಡು ಹೋದಳು. ಐದನೇ ದಿನ ಬೆಳಿಗ್ಗೆ ನಾನು ಕಾಲೇಜಿಗೆ ಹೊರಟು ಬಾಗಿಲು ಹಾಕಬೇಕು, ಅಷ್ಟರಲ್ಲಿ ಅತ್ತೆ ಮೆಟ್ಟಿಲು ಹತ್ತಿ ಬಂದರು. ಮೊದಲ ಬಸ್ಸಿಗೇ ಹೊರಟಿದ್ದರಂತೆ. ಕೈಚೀಲದಿಂದ ಕಾಗದದ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ನಾದಿನಿಯ ಹಿತ್ತಲಿನ ಕೆಂಪು ದಂಟಿನ ಬೀಜ.

"ಮೂರ್ನೇ ಪೈಪು ಕಾಲಿ ಆಗಿರ್ಬೇಕಲ್ಲ?" ಅಂದರು.

ಆಗಿತ್ತು.